ಮುಪ್ಪರಿಯದ ಕವೀಂದ್ರ

ಕಾಯಕ್ಕೆ ಮುಪ್ಪು ಅನಿವಾರ್ಯವಾದುದು. ವರ್ಷಗಳು ಒಂದರ ಹಿಂದೊಂದಾಗಿ ಬಂದು ದೇಹದ ಮೇಲೆ ತಮ್ಮ ಗುರುತನ್ನು ಇಟ್ಟು ಹೋಗುತ್ತವೆ. ಕಣ್ಣು ಮಂಜಾಗುತ್ತದೆ, ನಡಿಗೆ ನಿಧಾನವಾಗುತ್ತದೆ, ಕೂದಲು ಬೆಳ್ಳಗಾಗುತ್ತದೆ. ಈ ನಿಯಮವನ್ನು ಮೀರಿದ ದೇಹಧಾರಿಯಿಲ್ಲ. ಆದರೆ ಮನಸ್ಸು ಈ ಲೆಕ್ಕಕ್ಕೆ ಕಟ್ಟುಬಿದ್ದುದಲ್ಲ. ಇಪ್ಪತ್ತರ ಹರೆಯದಲ್ಲಿಯೇ ಬತ್ತಿ ಮುದುಕರಾದವರುಂಟು. ಎಂಬತ್ತರ ಹೊಸ್ತಿಲಲ್ಲಿ ನಿಂತೂ ಹಸುಳೆಯ ಕೌತುಕವನ್ನು ಕಳೆದುಕೊಳ್ಳದವರುಂಟು. ಲೋಕವನ್ನು ಕಂಡು ಬೇಸರಗೊಳ್ಳುವುದೇ ಅನುಭವವೆಂದು ಬಗೆದವರಿಗೆ ಎರಡನೆಯವರ ರೀತಿ ವಿಚಿತ್ರವಾಗಿ ತೋರಬಹುದು. ವಿಚಾರಿಸಿ ನೋಡಿದರೆ ಬಾಳಿನ ತಿರುಳನ್ನು ಕಂಡವರು ಅವರೇ ಎಂಬುದು ಮನದಟ್ಟಾಗುತ್ತದೆ.

ಬಾಲಭಾವಕ್ಕೂ ಬಾಲಿಶತನಕ್ಕೂ ಇರುವ ಅಂತರವನ್ನು ಇಲ್ಲಿ ಮರೆಯಲಾಗದು. ಹೊಣೆಯನ್ನು ಹೊರಲಾರದೆ ಹಠಮಾಡುವುದು ಬಾಲಿಶತನ. ಹೊಣೆಯೆಲ್ಲವನ್ನೂ ಹೊತ್ತು, ದುಃಖವೆಲ್ಲವನ್ನೂ ಉಂಡು, ಆ ಮೇಲೆಯೂ ಮನಸ್ಸಿನ ತಿಳಿಯನ್ನು ಕದಡದೆ ಉಳಿಸಿಕೊಳ್ಳುವುದು ಬಾಲಭಾವ. ಶಿವನಿಗೆ ತಾಯಿಯಿಲ್ಲವೆಂದು ಮರುಗಿ ತಾನೇ ತಾಯಾದ ಬೆಜ್ಜಮಹಾದೇವಿಯನ್ನೂ, ಹಾಲು ಕುಡಿಯೆಂದು ಶಿವನನ್ನು ಒತ್ತಾಯಿಸಿದ ಕೊಡಗೂಸನ್ನೂ ತನ್ನ ರಗಳೆಗಳಲ್ಲಿ ಚಿತ್ರಿಸಿದ ಹರಿಹರ ಕವಿಯು ಈ ಮುಗ್ಧತೆಯನ್ನು ಭಕ್ತಿಯ ಒಂದು ಉನ್ನತ ನಿಲುವೆಂದೇ ಕಂಡನು. ಹತ್ತಿರದ ಕಾಲದಲ್ಲಿ, ಬೇರೊಂದು ನಾಡಿನಲ್ಲಿ, ಬೇರೊಂದು ನುಡಿಯಲ್ಲಿ ಇಂತಹ ಬಾಲಭಾವವನ್ನು ಎಂಬತ್ತು ವರ್ಷಗಳ ಕಾಲ ಬಾಡದಂತೆ ಕಾಪಾಡಿಕೊಂಡು ಬಾಳಿದವರು ಕವೀಂದ್ರ ರವೀಂದ್ರನಾಥ ಠಾಕೂರರು.

ರವೀಂದ್ರರು 1861ನೆಯ ಇಸವಿ ಮೇ 7ರಂದು ಕಲ್ಕತ್ತೆಯ ಜೋಡಾಸಾಂಕೋ ಮನೆಯಲ್ಲಿ ಜನಿಸಿದರು. ತಂದೆ ಮಹರ್ಷಿ ದೇವೇಂದ್ರನಾಥರು; ತಾಯಿ ಶಾರದಾದೇವಿಯವರು. ಆ ತಂದೆತಾಯಿಗಳ ಹದಿನಾಲ್ಕನೆಯ ಮಗು ಇವರು. ಮನೆ ದೊಡ್ಡದು, ಮನೆತನ ಪ್ರಸಿದ್ಧವಾದುದು. ತಂದೆ ಬಹುಕಾಲ ಪ್ರವಾಸದಲ್ಲಿರುತ್ತಿದ್ದರು. ತಾಯಿಗೆ ಆರೋಗ್ಯ ಸಾಲದು. ಹೀಗಾಗಿ ಸಿರಿವಂತರ ಮನೆಯ ಈ ಕೂಸು ಸೇವಕರ ಆಳ್ವಿಕೆಯಲ್ಲಿ ಬೆಳೆಯಬೇಕಾಯಿತು. ಉಡುವುದರಲ್ಲಿ ಉಣ್ಣುವುದರಲ್ಲಿ ವೈಭವವೇನೂ ಇರಲಿಲ್ಲ. ಶ್ಯಾಮನೆಂಬ ಸೇವಕನು ಬಾಲಕನನ್ನು ಕೋಣೆಯ ಒಂದು ಕಡೆ ಕುಳ್ಳಿರಿಸಿ, ಸುತ್ತಲೂ ಸೀಮೆಸುಣ್ಣದಿಂದ ಗೆರೆಯೆಳೆದು, ಅದನ್ನು ದಾಟಿದರೆ ಕೇಡು ತಪ್ಪದೆಂದು ಬೆದರಿಸಿ ತನ್ನ ಕೆಲಸಕ್ಕೆ ಹೋಗಿಬಿಡುವನು. ರಾಮಾಯಣದಲ್ಲಿ ಗೆರೆ ದಾಟಿದ ಸೀತಾದೇವಿಗೆ ಬಂದ ಕಷ್ಟವನ್ನು ಬಾಲಕನು ಬಲ್ಲನು. ಆದುದರಿಂದ ಕದಲದೆ ಕುಳಿತಿರುವನು. ಅಲ್ಲಿಂದ ಕಿಟಕಿಯಾಚೆಗೆ ಒಂದು ಕೆರೆ, ಅದರ ದಡದಲ್ಲಿ ಒಂದು ಹಳೆಯ ಆಲದ ಮರ ಕಾಣುತ್ತಿದ್ದವು. ಮೀಯಲು ಬಂದವರ ಬಗೆಬಗೆಯ ರೀತಿಗಳನ್ನೂ, ನೀರಿನ ಮೇಲೆ ಚಲಿಸುವ ನೆರಳನ್ನೂ ನೋಡುತ್ತ ಅವನ ಹಗಲು ಕಳೆಯುತ್ತಿತ್ತು.

ಹೊರಗೆ ಹೋಗಲಾರದ ಮಗುವಿಗೆ ಒಳಗೇ ಒಂದು ಲೋಕ ತೆರೆಯಿತು. ಮೊಗಸಾಲೆಯ ಮೂಲೆಯಲ್ಲಿ ಅಜ್ಜಿಯ ಕಾಲದ ಹಳೆಯ ಮೇನೆಯೊಂದು ಬಿದ್ದಿತ್ತು. ಹೊರುವವರಿಲ್ಲದ ಆ ಮೇನೆಯೊಳಗೆ ಹೊಕ್ಕು ಕುಳಿತರೆ ಬಾಲಕನಿಗೆ ಕಾಡುಮೇಡುಗಳ ಸಂಚಾರ ಲಭಿಸುತ್ತಿತ್ತು. ಜಗಲಿಯ ಕಟಾಂಜನದ ಸರಳುಗಳೇ ಅವನ ಶಿಷ್ಯರು. ಕೈಯಲ್ಲಿ ಬೆತ್ತ ಹಿಡಿದು ಅವುಗಳಿಗೆ ಪಾಠ ಹೇಳಿ, ದಡ್ಡರೆಂದು ಎಣಿಸಿದವುಗಳಿಗೆ ಏಟು ಕೊಡುವನು. ಸೀತಾಫಲದ ಬೀಜವೊಂದನ್ನು ಜಗಲಿಯ ಮೂಲೆಯ ಧೂಳಿನಲ್ಲಿ ಹುಗಿದು ದಿನವೂ ನೀರೆರೆದು, ಅದು ಮೊಳೆಯುವ ಸೋಜಿಗವನ್ನು ಎದುರುನೋಡುವನು. ದೊಡ್ಡವರಿಗೆ ಕಸವಾಗಿದ್ದುದು ಅವನಿಗೆ ರಸವಾಗಿತ್ತು. ಮುಂದೆ ಎಷ್ಟೋ ಖಂಡಗಳನ್ನು ಸುತ್ತಿದ ಆ ಮಹಾಕವಿಗೆ ಕಾಣುವ ಕಣ್ಣನ್ನು ಕೊಟ್ಟದ್ದು ಆ ಸುಣ್ಣದ ಗೆರೆಯೊಳಗಿನ ಏಕಾಂತವೇ.

ಶಾಲೆ ಆ ಬಾಲಕನಿಗೆ ಸೆರೆಮನೆಯಾಯಿತು. ಓರಿಯಂಟಲ್ ಸೆಮಿನರಿ, ನಾರ್ಮಲ್ ಸ್ಕೂಲ್, ಬೆಂಗಾಲ್ ಅಕಾಡೆಮಿ, ಸೇಂಟ್ ಝೇವಿಯರ್ ಶಾಲೆ ಎಂದು ಒಂದಾದಮೇಲೊಂದರಂತೆ ಶಾಲೆಗಳು ಬದಲಾದವು. ಮನಸ್ಸು ಮಾತ್ರ ಎಲ್ಲಿಯೂ ನಿಲ್ಲಲಿಲ್ಲ. ಬರಿಯ ಗೋಡೆಗಳು, ಅರ್ಥ ತಿಳಿಯದ ಬಾಯಿಪಾಠ, ಗುರುಗಳ ಗದರಿಕೆ ಇವುಗಳ ನಡುವೆ ಅವನಿಗೆ ಉಸಿರುಕಟ್ಟುತ್ತಿತ್ತು. ಹದಿನೈದು ವರ್ಷ ತುಂಬುವುದರೊಳಗಾಗಿ ಆ ಬಗೆಯ ವಿದ್ಯಾಭ್ಯಾಸ ಮುಗಿದೇಹೋಯಿತು. ಮನೆಯ ಹಿರಿಯರು ಹುಡುಗ ಕೆಟ್ಟನೆಂದು ಕೈಚೆಲ್ಲಿದರು. ಆದರೆ ಶಾಲೆಯಲ್ಲಿ ತಾನುಂಡ ಸಂಕಟವನ್ನು ಆ ಹುಡುಗನು ಮರೆಯಲಿಲ್ಲ. ಬೆಳೆದು ದೊಡ್ಡವರಾದವರು ಸಾಮಾನ್ಯವಾಗಿ ತಮ್ಮ ಎಳೆತನದ ಸಂಕಟಗಳನ್ನು ಮರೆತು, ಅವನ್ನೇ ತಮ್ಮ ಮಕ್ಕಳ ಮೇಲೆ ಹೇರುತ್ತಾರೆ. ರವೀಂದ್ರರ ಸ್ಮೃತಿ ಹಾಗಾಗಗೊಡಲಿಲ್ಲ.

1873ರಲ್ಲಿ ಉಪನಯನವಾದ ಮೇಲೆ ಬಾಲಕನ ಬಾಳಿನಲ್ಲಿ ಒಂದು ಬಾಗಿಲು ತೆರೆಯಿತು. ಮಹರ್ಷಿಗಳು ಅವನನ್ನು ತಮ್ಮೊಡನೆ ಪ್ರವಾಸಕ್ಕೆ ಕರೆದುಕೊಂಡು ಹೊರಟರು. ಮೊದಲು ಬೋಲ್ಪುರದ ಬಳಿಯ ಶಾಂತಿನಿಕೇತನ, ಅನಂತರ ಅಮೃತಸರ, ಆ ಮೇಲೆ ಹಿಮಾಲಯದ ಡಾಲ್‌ಹೌಸಿ. ಬೋಲ್ಪುರದ ಬಯಲಿನಲ್ಲಿ ಮಳೆನೀರು ಕೊರೆದ ಕೊರಕಲುಗಳಲ್ಲಿ ಅಲೆದು ಬಾಲಕನು ಮಡಿಲ ತುಂಬ ಕಲ್ಲುಹರಳುಗಳನ್ನು ಆಯ್ದು ತರುವನು. ತಂದೆ ಅವನ್ನು ಎಸೆಯೆನ್ನಲಿಲ್ಲ; ಸಂತೋಷಪಟ್ಟು, ಅವುಗಳಿಂದ ಅಲ್ಲಿಯ ಒಂದು ದಿಬ್ಬವನ್ನು ಅಲಂಕರಿಸಲು ಹೇಳಿದರು. ಒಂದೆಡೆ ಜಿನುಗುವ ಒರತೆಯನ್ನು ಕಂಡುಬಂದು ಹೇಳಿದಾಗ, ತಮಗೆ ಅಲ್ಲಿಯ ನೀರನ್ನೇ ತರಿಸಬೇಕೆಂದು ಏರ್ಪಡಿಸಿದರು. ತಮ್ಮ ಬೆಲೆಬಾಳುವ ಚಿನ್ನದ ಗಡಿಯಾರಕ್ಕೆ ಕೀಲಿ ಕೊಡುವ ಹೊಣೆಯನ್ನು ಮಗನಿಗೊಪ್ಪಿಸಿದರು. ಮಗನ ಉತ್ಸಾಹ ಎಷ್ಟಾಯಿತೆಂದರೆ ಗಡಿಯಾರವನ್ನು ರಿಪೇರಿಗಾಗಿ ಕಲ್ಕತ್ತೆಗೆ ಕಳುಹಿಸಬೇಕಾಯಿತು; ಆದರೂ ತಂದೆ ಗದರಿಸಲಿಲ್ಲ. ಬೆಟ್ಟದ ಮೇಲೆ ಸಂಜೆಯಾದೊಡನೆ ನಕ್ಷತ್ರಗಳನ್ನು ಒಂದೊಂದಾಗಿ ತೋರಿಸಿ ಖಗೋಳದ ಪರಿಚಯ ಮಾಡಿಕೊಟ್ಟರು. ಮಗುವಿನ ಕೌತುಕಕ್ಕೆ ದೊಡ್ಡವರ ಗೌರವ ದೊರೆತರೆ ಅದು ಬಾಳಿನುದ್ದಕ್ಕೂ ಬತ್ತದೆಂಬುದಕ್ಕೆ ಈ ಪ್ರವಾಸವೇ ಸಾಕ್ಷಿ.

ಕನ್ನಡನಾಡಿಗೂ ಈ ಕಥೆಯಲ್ಲಿ ಒಂದು ಪಾಲುಂಟು. ರವೀಂದ್ರರ ಅಣ್ಣಂದಿರಾದ ಸತ್ಯೇಂದ್ರನಾಥರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದರು. 1883ರಲ್ಲಿ, ಇಪ್ಪತ್ತೆರಡರ ಹರೆಯದ ಕವಿ ಅಲ್ಲಿಗೆ ಬಂದು ಕೆಲಕಾಲ ತಂಗಿದ್ದರು. ಗುಡ್ಡಗಳ ತೋಳಿನಲ್ಲಿ ಮಲಗಿದ ಕಡಲು, ಗಾಳಿಮರಗಳ ಮರ್ಮರ, ಕಾಳೀನದಿಯ ಮೇಲಿನ ದೋಣಿಯಾನ, ಬೆಳುದಿಂಗಳಲ್ಲಿ ಮರಳ ಮೇಲಿನ ನಡಿಗೆ ಇವು ಅವರ ಮನಸ್ಸನ್ನು ಸೆರೆಹಿಡಿದವು. ಅಲ್ಲಿಯೇ ಅವರು ಪ್ರಕೃತಿರ ಪ್ರತಿಶೋಧ ಎಂಬ ನಾಟ್ಯಕಾವ್ಯವನ್ನು ರಚಿಸಿದರು. ಅದರಲ್ಲಿ ಒಬ್ಬ ಸಂನ್ಯಾಸಿ. ಸ್ನೇಹಸಂಬಂಧಗಳನ್ನೆಲ್ಲ ಕಡಿದು, ಪ್ರಕೃತಿಯನ್ನು ಗೆದ್ದೆನೆಂದು ಗುಹೆಯಿಂದ ಹೊರಬರುತ್ತಾನೆ. ಎಲ್ಲರೂ ದೂರವಿಟ್ಟ ಅನಾಥ ಬಾಲಿಕೆಯೊಬ್ಬಳು ಅವನನ್ನು ನಂಬಿ ಹಿಂಬಾಲಿಸುತ್ತಾಳೆ. ಅವಳ ಪ್ರೀತಿ ತನ್ನನ್ನು ಕಟ್ಟಿಹಾಕುವುದೆಂದು ಹೆದರಿ ಅವನು ಅವಳನ್ನು ತೊರೆದು ಓಡುತ್ತಾನೆ. ಸತ್ಯವರಿತು ಮರಳಿ ಬರುವಷ್ಟರಲ್ಲಿ ಅವಳು ಇಲ್ಲವಾಗಿರುತ್ತಾಳೆ. ಪರಮಾರ್ಥವು ಲೋಕವನ್ನು ಒಲ್ಲೆನೆಂಬುದರಲ್ಲಿಲ್ಲ, ಹಸುಳೆಯೊಬ್ಬಳ ಕೈಹಿಡಿದು ಲೋಕಕ್ಕೆ ಮರಳುವುದರಲ್ಲಿದೆ ಎಂಬ ಈ ದರ್ಶನವೇ ಮುಂದಿನ ಅವರ ಕೃತಿಗಳೆಲ್ಲಕ್ಕೂ ತಾಯಿಬೇರಾಯಿತು.

ಅದೇ ವರ್ಷದ ಡಿಸೆಂಬರಿನಲ್ಲಿ ಮೃಣಾಲಿನೀದೇವಿಯವರೊಡನೆ ವಿವಾಹವಾಯಿತು. 1890ರ ಸುಮಾರಿನಿಂದ ತಂದೆಯ ಅಪ್ಪಣೆಯಂತೆ ಜಮೀನುದಾರಿಯ ಆಡಳಿತವನ್ನು ವಹಿಸಿ, ಪದ್ಮಾ ನದಿಯ ತೀರದ ಶಿಲೈದಹದ ಕಡೆ ದೋಣಿಮನೆಯಲ್ಲಿ ಬಹುಕಾಲ ಕಳೆದರು. ರೈತರ ಸುಖದುಃಖಗಳ ನಿಕಟ ಪರಿಚಯವಾಯಿತು. ಸಣ್ಣ ಕಥೆಗಳು ಹೊಳೆಯಂತೆ ಹರಿದುಬಂದವು. 1892ರ ಕಾಬೂಲಿವಾಲಾ ಕಥೆಯಲ್ಲಿ ಬರುವ ಮಿನಿಯೆಂಬ ಹರಟೆಮಲ್ಲಿ ಬಾಲಿಕೆಗೆ ಅವರ ಹಿರಿಯ ಮಗಳು ಮಾಧುರೀಲತೆಯೇ ಮಾದರಿ. ದೂರದೇಶದ ಒರಟು ವ್ಯಾಪಾರಿಯ ಎದೆಯಲ್ಲಿ ಅಡಗಿದ್ದ ತಂದೆಯ ಹೃದಯವನ್ನು ಆ ಮಗುವಿನ ಮಾತು ತೆರೆದು ತೋರಿಸುತ್ತದೆ.

ಇಂತಹ ಮಕ್ಕಳ ಕವಿಯ ಬಾಳಿನಲ್ಲಿಯೂ ಒಂದು ಕುಂದು ಉಳಿದುಹೋಯಿತು. ಕಾಲದ ರೂಢಿಗೆ ತಲೆಬಾಗಿ ಅವರು ತಮ್ಮ ಮೂವರು ಹೆಣ್ಣುಮಕ್ಕಳ ಮದುವೆಯನ್ನು ಎಳೆಯ ವಯಸ್ಸಿನಲ್ಲಿಯೇ ನೆರವೇರಿಸಿದರು. 1901ರಲ್ಲಿ ಮಾಧುರೀಲತೆಗೆ ಹದಿನಾಲ್ಕು, ರೇಣುಕೆಗೆ ಹತ್ತು ವರ್ಷಗಳಾಗಿದ್ದಾಗ ಅವರ ಮದುವೆಗಳು ನಡೆದವು. 1907ರಲ್ಲಿ ಕಿರಿಯವಳಾದ ಮೀರೆಗೆ ಹದಿಮೂರರಲ್ಲಿ ಮದುವೆಯಾಯಿತು. ಎಳೆತನದ ಹಕ್ಕನ್ನು ಲೋಕಕ್ಕೆ ಸಾರಿದವರು ತಮ್ಮ ಮಕ್ಕಳಿಗೆ ಅದನ್ನು ಪೂರ್ತಿಯಾಗಿ ದೊರಕಿಸಿಕೊಡಲಾರದೆ ಹೋದರು. ಮೀರೆಯ ದಾಂಪತ್ಯ ಸುಖಕರವಾಗಲಿಲ್ಲ. ಅದರ ಹೊಣೆ ತಮ್ಮದೆಂಬ ನೋವು ತಂದೆಯನ್ನು ಕೊನೆಯವರೆಗೂ ಕಾಡಿತು. ಮಹಾಪುರುಷರ ಚರಿತ್ರೆಯನ್ನು ಓದುವವರು ಇಂತಹ ಎಡೆಗಳನ್ನು ದಾಟಿ ಮುಂದೆ ಹೋಗಬಾರದು. ನಡೆ ನುಡಿಗಳೊಂದಾಗುವುದು ಎಷ್ಟು ಕಠಿಣವೆಂಬುದನ್ನು ಇವು ತಿಳಿಸಿಕೊಡುತ್ತವೆ.

ಅದೇ 1901ರ ಡಿಸೆಂಬರ್ 22ರಂದು, ತಂದೆಯ ತಪೋಭೂಮಿಯಾದ ಶಾಂತಿನಿಕೇತನದಲ್ಲಿ ರವೀಂದ್ರರು ಬ್ರಹ್ಮಚರ್ಯಾಶ್ರಮವೆಂಬ ವಿದ್ಯಾಲಯವನ್ನು ಸ್ಥಾಪಿಸಿದರು. ಆರಂಭದಲ್ಲಿದ್ದ ವಿದ್ಯಾರ್ಥಿಗಳು ಬೆರಳೆಣಿಕೆಯಷ್ಟು. ಅವರಲ್ಲೊಬ್ಬರು ಮಗ ರಥೀಂದ್ರನಾಥರು. ಹಣದ ಮುಗ್ಗಟ್ಟು ವಿಪರೀತವಾಗಿತ್ತು. ಮೃಣಾಲಿನೀದೇವಿಯವರು ತಮ್ಮ ಆಭರಣಗಳನ್ನು ಶಾಲೆಗಾಗಿ ಒಪ್ಪಿಸಿದರು. ಮರದ ನೆರಳೇ ಪಾಠದ ಕೊಠಡಿ, ಋತುಗಳ ಬರವೇ ಹಬ್ಬ. ಮಳೆ ಬಂದರೆ ನೆನೆಯುವ ಅನುಮತಿ ಮಕ್ಕಳಿಗಿತ್ತು. ಮರವೇರಿ ಕೊಂಬೆಯ ಮೇಲೆ ಕುಳಿತು ಓದುತ್ತಿದ್ದ ಬಾಲಕನನ್ನು ಕಂಡು ಮುಖ್ಯೋಪಾಧ್ಯಾಯರು ಅಸಮಾಧಾನಪಟ್ಟಾಗ ರವೀಂದ್ರರು ಬಾಲಕನ ಪಕ್ಷವನ್ನೇ ವಹಿಸಿದರು. ಮರ ಹತ್ತುವ ವಯಸ್ಸು ಒಮ್ಮೆ ಕಳೆದರೆ ಮರಳಿ ಬಾರದೆಂಬುದನ್ನು ಅವರು ಬಲ್ಲವರಾಗಿದ್ದರು. ಸೀಮೆಸುಣ್ಣದ ಗೆರೆಯೊಳಗೆ ಕುಳಿತಿದ್ದ ಆ ಹಳೆಯ ಬಾಲಕನೇ ನಲವತ್ತರ ಪ್ರಾಯದಲ್ಲಿ ಗೆರೆಯಿಲ್ಲದ ಶಾಲೆಯನ್ನು ಕಟ್ಟಿದನೆಂದರೆ ಸಲ್ಲುತ್ತದೆ.

ಶಾಲೆ ಬೇರೂರುವ ಮೊದಲೇ ಸಾವು ಮನೆಯನ್ನು ಹೊಕ್ಕಿತು. 1902ರ ನವೆಂಬರಿನಲ್ಲಿ ಪತ್ನಿ ಮೃಣಾಲಿನೀದೇವಿಯವರು ತೀರಿಕೊಂಡರು. ಮರುವರ್ಷ ರೇಣುಕೆ ಕ್ಷಯದಿಂದ ಹಾಸಿಗೆ ಹಿಡಿದಳು. ಅವಳನ್ನು ಹವೆಗಾಗಿ ಆಲ್ಮೋಡಾ ಬೆಟ್ಟಕ್ಕೆ ಕರೆದೊಯ್ದು ಶುಶ್ರೂಷೆ ಮಾಡುತ್ತ, ತಾಯಿಯಿಲ್ಲದ ತನ್ನ ಮಕ್ಕಳನ್ನು ನೆನೆನೆನೆದು ರವೀಂದ್ರರು ಬರೆದ ಕವಿತೆಗಳೇ ಶಿಶು ಎಂಬ ಸಂಗ್ರಹ. ತಾಯಿ ಮಗುವಿನ ಸರಸ, ಮಗುವಿನ ಹುಸಿಮುನಿಸು, ಮಗುವಿನ ಕನಸು ಇವುಗಳಿಂದ ತುಂಬಿದ ಆ ಕವಿತೆಗಳನ್ನು ಓದುವವರಿಗೆ, ಅವು ಸಾಯುತ್ತಿರುವ ಮಗಳ ಹಾಸಿಗೆಯ ಪಕ್ಕದಲ್ಲಿ ಹುಟ್ಟಿದವೆಂದು ಊಹಿಸುವುದೂ ಕಷ್ಟ. ಆ ವರ್ಷವೇ ರೇಣುಕೆ ಕಣ್ಮುಚ್ಚಿದಳು. 1905ರಲ್ಲಿ ತಂದೆ ಮಹರ್ಷಿಗಳು ಅಗಲಿದರು. 1907ರ ನವೆಂಬರಿನಲ್ಲಿ, ರಜೆಗೆಂದು ಮುಂಗೇರಕ್ಕೆ ಹೋಗಿದ್ದ ಕಿರಿಯ ಮಗ ಶಮೀಂದ್ರನು ಕಾಲರಾ ರೋಗಕ್ಕೆ ತುತ್ತಾದನು. ಅವನಿಗಿನ್ನೂ ಹನ್ನೊಂದು ತುಂಬಿರಲಿಲ್ಲ. ಐದು ವರ್ಷಗಳ ಹಿಂದೆ ತಾಯಿ ತೀರಿಕೊಂಡ ತಿಥಿಯಂದೇ ಮಗನೂ ಹೋದನು.

ಇಷ್ಟೆಲ್ಲವನ್ನು ಕಂಡ ಮನುಷ್ಯನ ಮನಸ್ಸು ಮುರುಟಿಹೋಗುವುದು ಸಹಜವಾಗಿತ್ತು. ಆದರೆ ಶಮಿಯ ಸಾವಿಗೆ ವರ್ಷ ತುಂಬುವ ಮೊದಲೇ, 1908ರಲ್ಲಿ, ರವೀಂದ್ರರು ಆಶ್ರಮದ ಮಕ್ಕಳಿಗಾಗಿ ಶಾರದೋತ್ಸವವೆಂಬ ನಾಟಕವನ್ನು ಬರೆದರು. ಶರತ್ಕಾಲದ ಬಿಸಿಲು, ಬಿಳಿಯ ಮೋಡ, ರಜೆ ಸಿಕ್ಕ ಹುಡುಗರ ಕುಣಿತ ಇವೇ ಅದರ ವಸ್ತು. ಅದರಲ್ಲಿ ಬರುವ ಠಾಕುರದಾ ಎಂಬ ಅಜ್ಜನು ಮಕ್ಕಳ ಗುಂಪಿನಲ್ಲಿ ಮಗುವಾಗಿ ಸೇರಿ ಹಾಡುವವನು. ಮುಂದಿನ ಹಲವು ನಾಟಕಗಳಲ್ಲಿ ಇದೇ ಅಜ್ಜನು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಾನೆ. ತನ್ನ ಮಗುವನ್ನು ಕಳೆದುಕೊಂಡ ತಂದೆ ಬೇರೆಯವರ ಮಕ್ಕಳ ನಗೆಯನ್ನು ಕಂಡು ಕರುಬಲಿಲ್ಲ, ಅದರಿಂದ ಓಡಿಹೋಗಲೂ ಇಲ್ಲ. ಅದಕ್ಕೆ ರಾಗ ಕೂಡಿಸಿದನು. ದುಃಖವನ್ನು ಮರೆಯುವುದು ಒಂದು ರೀತಿ. ದುಃಖವನ್ನು ಎದೆಯಲ್ಲಿಟ್ಟುಕೊಂಡೇ ನಗುವುದು ಇನ್ನೊಂದು ರೀತಿ. ಎರಡನೆಯದು ತಪಸ್ಸಿಗೆ ಸಮಾನವಾದುದು.

1911ರಲ್ಲಿ ಡಾಕ್‌ಘರ್ ಎಂಬ ಪುಟ್ಟ ನಾಟಕ ಹುಟ್ಟಿತು. ಅಮಲನೆಂಬ ರೋಗಿ ಬಾಲಕನನ್ನು ವೈದ್ಯನ ಆಜ್ಞೆಯಂತೆ ಮನೆಯೊಳಗೆ ಕೂಡಿಹಾಕಿದ್ದಾರೆ. ಕಿಟಕಿಯ ಬಳಿ ಕುಳಿತ ಅವನು ಹಾದಿಯಲ್ಲಿ ಹೋಗುವ ಮೊಸರು ಮಾರುವವನನ್ನೂ, ಕಾವಲುಗಾರನನ್ನೂ, ಹೂ ಕೀಳುವ ಸುಧೆಯನ್ನೂ ಮಾತಾಡಿಸುತ್ತ, ಅವರವರ ಕೆಲಸದಲ್ಲಿ ಅವರಿಗೇ ಕಾಣದಿದ್ದ ಸೊಬಗನ್ನು ಕಾಣುತ್ತಾನೆ. ರಾಜನಿಂದ ತನಗೆ ಓಲೆ ಬರುವುದೆಂದು ಕಾಯುತ್ತಾನೆ. ಊರ ಮುಖಂಡನು ಅಣಕಿಸುತ್ತಾನೆ; ಮಗುವಿನ ನಂಬಿಕೆ ಕದಲುವುದಿಲ್ಲ. ಕೊನೆಗೆ ರಾಜವೈದ್ಯನು ಬಂದು ಬಾಗಿಲು ಕಿಟಕಿಗಳನ್ನೆಲ್ಲ ತೆರೆಯಿಸುತ್ತಾನೆ. ಮಗು ನಿದ್ರೆಗೆ ಜಾರುತ್ತದೆ. 1942ರ ಜುಲೈ ತಿಂಗಳಲ್ಲಿ, ರವೀಂದ್ರರು ಕಾಲವಾಗಿ ವರ್ಷವಾಗುತ್ತಿದ್ದಾಗ, ಪೋಲೆಂಡಿನ ವಾರ್ಸಾ ನಗರದಲ್ಲಿ ಯಹೂದ್ಯರನ್ನು ನಾಜಿಗಳು ಕೂಡಿಹಾಕಿದ್ದ ಕೇರಿಯೊಳಗೆ, ಯಾನುಶ್ ಕೊರ್ಚಾಕ್ ಎಂಬ ವೈದ್ಯರು ತಮ್ಮ ಅನಾಥಾಲಯದ ಮಕ್ಕಳಿಂದ ಈ ನಾಟಕವನ್ನಾಡಿಸಿದರು. ಕೆಲವೇ ವಾರಗಳಲ್ಲಿ ಆ ಮಕ್ಕಳನ್ನು, ಸುಮಾರು ಇನ್ನೂರು ಮಂದಿಯನ್ನು, ಟ್ರೆಬ್ಲಿಂಕಾದ ವಧಾಶಿಬಿರಕ್ಕೆ ಸಾಗಿಸಲಾಯಿತು. ಕೊರ್ಚಾಕರು ಮಕ್ಕಳ ಕೈಬಿಡದೆ ತಾವೂ ಜೊತೆಯಲ್ಲಿ ಹೋದರು. ಕಲ್ಕತ್ತೆಯ ಮಗುವೊಂದು ಕಿಟಕಿಯಲ್ಲಿ ಕುಳಿತು ಕಂಡ ಕನಸು ಅಷ್ಟು ದೂರದ ಮಕ್ಕಳ ಕಟ್ಟಕಡೆಯ ದಿನಗಳಿಗೆ ಆಸರೆಯಾಯಿತು.

1913ರಲ್ಲಿ ನೋಬೆಲ್ ಬಹುಮಾನ ಬಂದಿತು. ಲೋಕವೆಲ್ಲ ಗುರುದೇವನೆಂದು ಕೈಮುಗಿಯಿತು. ಕೀರ್ತಿಯೆಂಬುದು ಮನಸ್ಸಿಗೆ ಬೇಗ ಮುಪ್ಪು ತರುವ ವಸ್ತು; ಅದು ಮನುಷ್ಯನನ್ನು ಅವನ ವಿಗ್ರಹದೊಳಗೇ ಸೆರೆಹಾಕುತ್ತದೆ. ರವೀಂದ್ರರು ಆ ಸೆರೆಯನ್ನು ಒಪ್ಪಲಿಲ್ಲ. 1915ರಲ್ಲಿ ಬ್ರಿಟಿಷ್ ಸರಕಾರ ಕೊಟ್ಟ ಸರ್ ಎಂಬ ಬಿರುದನ್ನು, ಜಲಿಯನ್‌ವಾಲಾ ಬಾಗಿನ ಹತ್ಯಾಕಾಂಡದ ಬಳಿಕ 1919ರಲ್ಲಿ ತ್ಯಜಿಸಿದರು. ಬಾಲಭಾವವು ಲೋಕದ ಅನ್ಯಾಯವನ್ನು ಕಾಣದ ಕುರುಡಲ್ಲ. ಕಪಟವರಿಯದ ಮನಸ್ಸಿಗೆ ಅನ್ಯಾಯವು ಅನ್ಯಾಯವೆಂದೇ ಕಾಣುತ್ತದೆ; ಲಾಭನಷ್ಟಗಳ ಲೆಕ್ಕ ಅದಕ್ಕೆ ಅಡ್ಡಬರುವುದಿಲ್ಲ.

ಇದೇ ಕಾಲದಲ್ಲಿ, ಐವತ್ತನ್ನು ದಾಟಿದ ಕವಿ ಫಾಲ್ಗುನೀ ಎಂಬ ನಾಟಕವನ್ನು ರಚಿಸಿದರು. ತಲೆಯಲ್ಲಿ ನರೆಗೂದಲು ಕಂಡು ಕಂಗಾಲಾದ ಅರಸನೊಬ್ಬನು ವೈರಾಗ್ಯ ಹಿಡಿದು ಕುಳಿತಾಗ, ಅವನ ಕವಿ ಈ ಆಟವನ್ನು ಆಡಿಸಿ ತೋರಿಸುತ್ತಾನೆ. ತರುಣರ ಗುಂಪೊಂದು ಅನಾದಿಕಾಲದ ಮುದುಕನನ್ನು ಹಿಡಿದು ತರುತ್ತೇವೆಂದು ಹೊರಡುತ್ತದೆ. ಎಲ್ಲರೂ ಹೆದರುವ ಆ ಮುದುಕನು ಕತ್ತಲ ಗುಹೆಯಲ್ಲಿದ್ದಾನೆಂದು ಪ್ರತೀತಿ. ಗುಹೆಯಿಂದ ಹೊರಬಂದವನನ್ನು ನೋಡಿದರೆ ಮುದುಕನೆಂಬವನೇ ಇಲ್ಲ. ಬಂದವನು ಅವರ ನಾಯಕನೇ, ಅದೂ ಬಾಲಕನಂತೆ ಹೊಸಬನಾಗಿ. ಹಿಂದಿನಿಂದ ನೋಡಿದರೆ ಮುಪ್ಪು, ಮುಂದಿನಿಂದ ನೋಡಿದರೆ ಎಳೆತನ. ಮಾಗಿಯ ಮುಸುಕನ್ನು ತೆಗೆದರೆ ಒಳಗಿರುವುದು ವಸಂತವೇ. 1916ರ ಜನವರಿಯಲ್ಲಿ ಬಾಂಕುಡಾ ಕ್ಷಾಮಪರಿಹಾರಕ್ಕಾಗಿ ಜೋಡಾಸಾಂಕೋ ಮನೆಯಲ್ಲಿ ಇದನ್ನಾಡಿದಾಗ ರವೀಂದ್ರರು ಕವಿಯ ಪಾತ್ರವನ್ನೂ ಕುರುಡ ಬಾವುಲನ ಪಾತ್ರವನ್ನೂ ತಾವೇ ವಹಿಸಿದರು. ಹಸಿದವರಿಗೆ ಅನ್ನ ಒದಗಿಸುವ ಕಾರ್ಯಕ್ಕೆ ವಸಂತದ ಆಟವೇ ಸಾಧನವಾಯಿತು.

1920-21ರಲ್ಲಿ ವಿಶ್ವಭಾರತಿಗೆ ನೆರವು ಬೇಡುತ್ತ ಅವರು ಅಮೆರಿಕೆಯಲ್ಲಿ ಸಂಚರಿಸಿದರು. ಹಣದ ರಾಶಿಯ ಪೂಜೆ, ಯಂತ್ರಗಳ ಗದ್ದಲ, ದಾನಿಗಳ ಬಾಗಿಲಲ್ಲಿ ಕಾಯುವ ಸಂಕಟ ಇವುಗಳಿಂದ ಮನಸ್ಸು ದಣಿದಿತ್ತು. ಹಿಂದಿರುಗಿದ ಮೇಲೆ ಆ ದಣಿವನ್ನು ತೊಳೆಯಲೆಂದು ಅವರು ಕೈಗೊಂಡ ಚಿಕಿತ್ಸೆ ಮಕ್ಕಳ ಪದ್ಯಗಳ ರಚನೆ. 1922ರಲ್ಲಿ ಅವು ಶಿಶು ಭೋಲಾನಾಥ ಎಂಬ ಹೆಸರಿನಿಂದ ಪ್ರಕಟವಾದವು. ಭೋಲಾನಾಥನೆಂದರೆ ಶಿವ. ಕೂಡಿಡುವುದನ್ನರಿಯದವನು, ಕೊಟ್ಟುದನ್ನು ನೆನಪಿಡದವನು, ಕಟ್ಟಿದ ಆಟಿಕೆಯನ್ನು ತಾನೇ ಕೆಡವಿ ನಗುವವನು. ಶಿಶುವಿನಲ್ಲಿ ಶಿವನನ್ನೂ ಶಿವನಲ್ಲಿ ಶಿಶುವನ್ನೂ ಕಂಡ ಈ ಹೆಸರೇ ಒಂದು ಅನುಭಾವ. ಸಂಗ್ರಹವೇ ಬಾಳಿನ ಗುರಿಯೆಂದು ತಿಳಿದ ಲೋಕಕ್ಕೆ ಅರುವತ್ತೊಂದು ವರ್ಷದ ಕವಿ ಕೊಟ್ಟ ಉತ್ತರ ಅದು.

1928ರಲ್ಲಿ ರವೀಂದ್ರರು ಬೆಂಗಳೂರಿನಲ್ಲಿ, ಆಗ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಬ್ರಜೇಂದ್ರನಾಥ ಶೀಲರ ಅತಿಥಿಯಾಗಿ ತಂಗಿದ್ದರು. ಶೇಷೇರ ಕವಿತಾ ಎಂಬ ಕಾದಂಬರಿಯನ್ನು ಅವರು ಬರೆದು ಮುಗಿಸಿದುದು ಅಲ್ಲಿಯೇ. ಆಗ ಬಂಗಾಳದ ತರುಣ ಲೇಖಕರು ರವೀಂದ್ರರ ಕಾಲ ಮುಗಿಯಿತೆಂದು ಹೇಳತೊಡಗಿದ್ದರು. ಅರುವತ್ತೇಳರ ವೃದ್ಧರು ಅದಕ್ಕೆ ಸಿಟ್ಟಾಗಲಿಲ್ಲ. ಆ ತರುಣರ ಶೈಲಿಯನ್ನೂ ಮೀರಿಸುವ ಚುರುಕಿನಿಂದ ತರುಣರ ಪ್ರೇಮಕಥೆಯನ್ನು ಬರೆದು, ಅದರ ನಾಯಕನ ಬಾಯಿಂದಲೇ ರವೀಂದ್ರ ಠಾಕೂರನೆಂಬ ಹಳೆಯ ಕವಿಯನ್ನು ಲೇವಡಿ ಮಾಡಿಸಿದರು. ತನ್ನನ್ನು ಕಂಡು ತಾನೇ ನಗಬಲ್ಲವನಿಗೆ ಮುಪ್ಪಿನ ಭಯವೆಲ್ಲಿಯದು?

ಹಸ್ತಪ್ರತಿಗಳಲ್ಲಿ ಹೊಡೆದುಹಾಕಿದ ಮಾತುಗಳನ್ನು ಗೆರೆಗಳಿಂದ ಒಂದಕ್ಕೊಂದು ಜೋಡಿಸಿ ಹಕ್ಕಿ, ಮೃಗ, ಮುಖಗಳ ಆಕಾರ ಕೊಡುವುದು ಅವರಿಗೊಂದು ವಿನೋದವಾಗಿತ್ತು. 1924ರಲ್ಲಿ ಅರ್ಜೆಂಟೈನಾದಲ್ಲಿ ಅಸ್ವಸ್ಥರಾಗಿ ತಂಗಿದ್ದಾಗ ಬರೆದ ಪೂರಬೀ ಕವಿತೆಗಳ ಹಾಳೆಗಳಲ್ಲಿ ಈ ವಿನೋದ ಬೆಳೆಯಿತು. ಆತಿಥ್ಯ ನೀಡಿದ್ದ ವಿಕ್ಟೋರಿಯಾ ಒಕಾಂಪೊ ಅವರು ಅದರ ಸತ್ತ್ವವನ್ನು ಗುರುತಿಸಿದರು. ಅರುವತ್ತರ ಉತ್ತರಾರ್ಧದಲ್ಲಿ, ಯಾವ ಚಿತ್ರಶಾಲೆಯಲ್ಲಿಯೂ ಕ್ರಮವಾಗಿ ಕಲಿಯದ ಅವರು ಚಿತ್ರಕಾರರಾದರು. 1930ರ ಮೇ ತಿಂಗಳಲ್ಲಿ ಪ್ಯಾರಿಸ್ಸಿನ ಪಿಗಾಲ್ ಚಿತ್ರಮಂದಿರದಲ್ಲಿ ಅವರ ಚಿತ್ರಗಳ ಮೊದಲ ಪ್ರದರ್ಶನ ನಡೆಯಿತು. ಕೊನೆಯ ಹದಿನೈದು ವರ್ಷಗಳೊಳಗೆ ಅವರು ಬಿಡಿಸಿದ ಚಿತ್ರಗಳು ಎರಡು ಸಾವಿರಕ್ಕೂ ಮಿಕ್ಕಿವೆ. ವಿಶ್ವವಿಖ್ಯಾತನಾದವನು ಹೊಸದೊಂದು ವಿದ್ಯೆಯಲ್ಲಿ ಅಕ್ಷರಾಭ್ಯಾಸದಿಂದ ತೊಡಗುವುದಕ್ಕೆ ನಾಚಲಿಲ್ಲ. ಕಲಿಯಲು ನಾಚದಿರುವುದೇ ಮಗುವಿನ ಮೊದಲ ಲಕ್ಷಣ.

1930ರಲ್ಲಿ ಅಕ್ಷರ ಕಲಿಯುವ ಮಕ್ಕಳಿಗಾಗಿ ಸಹಜ ಪಾಠ ಹೊರಬಂದಿತು. ನಂದಲಾಲ ಬಸು ಅವರು ಅದಕ್ಕೆ ಚಿತ್ರಗಳನ್ನೊದಗಿಸಿದರು. 1937ರಲ್ಲಿ, ಎಪ್ಪತ್ತಾರರ ವಯಸ್ಸಿನಲ್ಲಿ, ಅರ್ಥಕ್ಕೆ ಸಿಕ್ಕದ ವಿನೋದಪದ್ಯಗಳ ಖಾಪಛಾಡಾ, ಮೊಮ್ಮಗಳು ನಂದಿನಿಗೆ ಹೇಳಿದ ಅದ್ಭುತ ಕಥೆಗಳ ಸೇ, ಖಗೋಳ ಭೌತವಿಜ್ಞಾನಗಳನ್ನು ತಿಳಿಯಾಗಿ ಹೇಳುವ ವಿಶ್ವಪರಿಚಯ ಮೂರೂ ಪ್ರಕಟವಾದವು. ಡಾಲ್‌ಹೌಸಿಯ ಸಂಜೆಗಳಲ್ಲಿ ತಂದೆ ತೋರಿಸಿದ ನಕ್ಷತ್ರಗಳು ಅರುವತ್ತನಾಲ್ಕು ವರ್ಷಗಳ ಮೇಲೆ ಹೀಗೆ ನಾಡಿನ ಮಕ್ಕಳಿಗೆ ದೊರೆತವು. ಆ ವರ್ಷದ ಸೆಪ್ಟೆಂಬರಿನಲ್ಲಿ ಅವರು ಸರ್ಪಿ ರೋಗದಿಂದ ಪ್ರಜ್ಞೆ ತಪ್ಪಿ ಮರಣದ ಬಾಗಿಲನ್ನು ಮುಟ್ಟಿ ಬಂದರು. ಎಚ್ಚರಗೊಂಡ ಮೇಲೆ ಮೊದಲು ಕೇಳಿದುದು ಬಣ್ಣ ಮತ್ತು ಕುಂಚವನ್ನು.

ಮನೆಯ ವಿಷಯದಲ್ಲಿಯೂ ಅವರದು ಮಕ್ಕಳ ಚಾಪಲ್ಯವೇ. ಶಾಂತಿನಿಕೇತನದ ಉತ್ತರಾಯಣದ ಆವರಣದಲ್ಲಿ ಒಂದು ಮನೆಯಲ್ಲಿ ಕೆಲಕಾಲವಿದ್ದರೆ ಮತ್ತೊಂದು ಬೇಕೆನಿಸುತ್ತಿತ್ತು. ಕೋಣಾರ್ಕ, ಶ್ಯಾಮಲೀ, ಪುನಶ್ಚ, ಉದೀಚೀ ಎಂದು ಸಾಲಾಗಿ ಮನೆಗಳೆದ್ದವು. 1935ರಲ್ಲಿ ಕಟ್ಟಿದ ಶ್ಯಾಮಲಿಯಂತೂ ಗೋಡೆಯಿಂದ ಮಾಳಿಗೆಯವರೆಗೆ ಮಣ್ಣಿನದೇ. ಮರಳಿ ಸೇರಬೇಕಾದ ಮಣ್ಣಿನೊಡನೆ ಮುಂಚಿತವಾಗಿಯೇ ಗೆಳೆತನ ಬೆಳೆಸಿದಂತಿತ್ತು ಅದು. ಆದರೆ ಈ ಚಾಪಲ್ಯದ ನಡುವೆ ಕಾಯಕ ಒಂದು ದಿನವೂ ನಿಲ್ಲಲಿಲ್ಲ. ವಿಶ್ವಭಾರತಿಯ ಸಾಲ ತೀರಿಸಲೆಂದು 1936ರಲ್ಲಿ, ಎಪ್ಪತ್ತೈದರ ಸಮೀಪದಲ್ಲಿ, ಚಿತ್ರಾಂಗದಾ ನೃತ್ಯನಾಟಕದ ತಂಡದೊಡನೆ ಊರೂರು ಅಲೆದರು. ದೆಹಲಿಯಲ್ಲಿ ಅವರ ದಣಿವನ್ನು ಕಂಡು ಮನಕರಗಿದ ಮಹಾತ್ಮಾ ಗಾಂಧಿಯವರು 60,000 ರೂಪಾಯಿಗಳನ್ನು ಒದಗಿಸಿಕೊಟ್ಟು, ಪ್ರವಾಸವನ್ನು ಮೊಟಕುಗೊಳಿಸುವಂತೆ ಮಾಡಿದರು.

ಕೊನೆಯ ವರ್ಷ ದೇಹ ಪೂರ್ತಿಯಾಗಿ ಸೋತಿತು. ಕಣ್ಣು ಕಿವಿಗಳು ಮಂದವಾದವು, ಬೆರಳುಗಳು ಲೇಖನಿಯನ್ನು ಹಿಡಿಯದಾದವು. ಆದರೂ 1940ರಲ್ಲಿ ಛೇಲೇಬೇಲಾ ಎಂಬ ಬಾಲ್ಯಸ್ಮರಣೆ ಹೊರಬಂದಿತು. ಹಳೆಯ ಮೇನೆ, ಸೇವಕರು, ದೀಪದ ಮಿಣುಕು ಎಲ್ಲವೂ ನಿನ್ನೆ ಕಂಡವೆಂಬಂತೆ ಅದರಲ್ಲಿ ಜೀವ ತಳೆದವು. 1941ರಲ್ಲಿ ಮಕ್ಕಳ ಕಥೆಗಳ ಗಲ್ಪಸಲ್ಪ ಬಂದಿತು. ಅದೇ ವರ್ಷದ ಏಪ್ರಿಲಿನಲ್ಲಿ, ಲೋಕವು ಯುದ್ಧದ ಉರಿಯಲ್ಲಿ ಬೇಯುತ್ತಿದ್ದಾಗ, ನಾಗರಿಕತೆಯ ಸಂಕಟವನ್ನು ಕುರಿತು ಅವರ ಭಾಷಣವನ್ನು ಓದಲಾಯಿತು. ಪಶ್ಚಿಮದ ಮೇಲೆ ಒಮ್ಮೆ ತಾವಿಟ್ಟಿದ್ದ ಭರವಸೆ ಮುರಿದುದನ್ನು ಅದರಲ್ಲಿ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು. ಮನುಷ್ಯನ ಮೇಲಿನ ವಿಶ್ವಾಸವನ್ನು ಕಳೆದುಕೊಳ್ಳುವುದು ಮಾತ್ರ ಪಾಪವೆಂದು ಬಗೆದರು. ಜುಲೈ 30ರಂದು, ಶಸ್ತ್ರಚಿಕಿತ್ಸೆಗೆ ಮೊದಲು, ಕಡೆಯ ಕವಿತೆಯನ್ನು ಬಾಯಲ್ಲಿ ಹೇಳಿ ಬರೆಯಿಸಿದರು. 1941ರ ಆಗಸ್ಟ್ 7ರಂದು, ಹುಟ್ಟಿದ ಜೋಡಾಸಾಂಕೋ ಮನೆಯಲ್ಲಿಯೇ ಅವರ ದೇಹಯಾತ್ರೆ ಮುಗಿಯಿತು.

ಎಂಬತ್ತು ವರ್ಷಗಳ ಈ ಬಾಳನ್ನು ಅವಲೋಕಿಸಿದರೆ ಒಂದು ಸಂಗತಿ ಎದ್ದುಕಾಣುತ್ತದೆ. ಎಳೆತನವನ್ನು ಉಳಿಸಿಕೊಳ್ಳುವುದಕ್ಕೆ ರವೀಂದ್ರರಿಗೆ ಸುಖ ನೆರವಾಗಲಿಲ್ಲ. ಅವರ ಪಾಲಿಗೆ ಬಂದ ಸಾವುಗಳು ಯಾವ ಮನಸ್ಸನ್ನಾದರೂ ಮುದಿಯಾಗಿಸಲು ಸಾಕಾಗಿದ್ದವು. ಅವರನ್ನು ಕಾಪಾಡಿದುದು ಮೂರು ಅಭ್ಯಾಸಗಳು. ಕಂಡುದರಲ್ಲಿ ಸೋಜಿಗಪಡುವುದು ಒಂದು; ಯಾವ ವಯಸ್ಸಿನಲ್ಲಿಯೂ ಹೊಸದಾಗಿ ಕಲಿಯಲು ತೊಡಗುವುದು ಎರಡು; ತನ್ನ ದುಃಖಕ್ಕಿಂತ ಎದುರಿಗಿರುವ ಮಗುವಿನ ಸಂತೋಷ ದೊಡ್ಡದೆಂದು ಎಣಿಸುವುದು ಮೂರು. ಇವು ಪ್ರತಿಭಾವಂತರಿಗೆ ಮಾತ್ರ ಮೀಸಲಾದ ವರಗಳಲ್ಲ. ಹೊಲದಲ್ಲಿ ದುಡಿಯುವ ಅಜ್ಜನಿಗೂ, ಒಲೆಯ ಮುಂದಿನ ಅಜ್ಜಿಗೂ ಇವು ಸಾಧ್ಯವಾದವು. ವಯಸ್ಸು ಕಾಯದ ಮೇಲಿರಲಿ. ಮನದ ಮೇಲೆ ಅದರ ಭಾರ ಬೀಳದಿರಲಿ. ಸುಣ್ಣದ ಗೆರೆಯನ್ನು ಇತರರು ಎಳೆದಾರು. ಅದರಾಚೆಯ ಕೆರೆಯನ್ನೂ ಆಲದ ಮರವನ್ನೂ ನೋಡುವ ಕಣ್ಣನ್ನು ಮುಚ್ಚದಿರುವುದು ಅವರವರ ಕೈಯಲ್ಲಿಯೇ ಇದೆ.